ಜೋಳದ ಹಾಳೆಯಲ್ಲಿ ಮೂಡಿದ ಕೈ

ಆ ಹಾಳೆಯಲ್ಲಿ ಮೂಡಿದ್ದು ನನ್ನ ಮೊಮ್ಮಗಳ ಗಂಡನ ಕೈ. ಅವನು ಅದನ್ನು ಮುಟ್ಟಿರಲಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮಾಟ, ಗಾಳಿ ಎಂದು ಹೇಳಿಕೊಂಡು ಬಂದವರನ್ನು ನಾನೇ ಎಷ್ಟೋ ಸಲ ಬೈದು ಕಳಿಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮೊಮ್ಮಗಳು ಕವಿತಾ ಗಂಡನ ಹೊಡೆತ ತಾಳದೆ ಮುಂಡರಗಿಯಿಂದ ಬೆಟಗೇರಿಗೆ, ನನ್ನ ಮನೆಗೆ ಬಂದಿದ್ದಳು. ಮಗ್ಗ ತೆಗೆದ ಕೋಣೆಯಲ್ಲಿ ಗೋವಿನಜೋಳದಿಂದಾದ ಪ್ಲಾಸ್ಟಿಕ್ ಕಾಳು ಕರಗಿಸಿ, ಎರಡು ಉಕ್ಕಿನ ತಗಡುಗಳ ನಡುವೆ ಒತ್ತಿ, ಮಣ್ಣಿನಲ್ಲಿ ಕರಗುವ ಹಾಳೆ ಮಾಡುತ್ತಿದ್ದಳು. ಒತ್ತಿದ ಕೂಡಲೇ ತಗಡನ್ನು ತಣ್ಣೀರಿಗೆ ಹಾಕುವುದು ಅವಳ ಪದ್ಧತಿ. ಆ ಮಧ್ಯಾಹ್ನ ನೀರು ತರಲು ನಳಕ್ಕೆ ಹೋಗಿದ್ದಳು. ನಾನು ಬಿಸಿ ತಗಡುಗಳನ್ನು ಮೊಸರಿನ ಗಡಿಗೆಯಂತೆ ಕಂಬಳಿಯಲ್ಲಿ ಸುತ್ತಿಟ್ಟೆ. ಬೆಚ್ಚಗಿದ್ದರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ ಎಂದುಕೊಂಡೆ.

ಬಿಚ್ಚಿದಾಗ, ಗಾಜಿನಂತಿರಬೇಕಾದ ಹಾಳೆಯಲ್ಲಿ ಉಂಗುರದೊಳಗೆ ಉಂಗುರವಾಗಿ ಬಿಳಿ ಹೂಗಳು.

"ಹಾಳ ಮಾಡಿದೆಲ್ಲ ಆಯಿ!" ಕವಿತಾ ನಕ್ಕಳು. "ಸಾವಕಾಶ ಆರಿದ್ರ ಒಳಗ ಹರಳ ಕಟ್ಟತಾವ. ಧೂಳೋ, ಬೆರಳಿನ ಜಿಡ್ಡೋ ಇದ್ದಲ್ಲಿಂದ ಸುತ್ತ ಬೆಳೀತಾವ. ನೀನ ಮುಟ್ಟಿರಬೇಕು."

ಆ ನಾಲ್ಕು ಹೂಗಳ ಮೇಲೆ ನನ್ನ ಬೆರಳಿಟ್ಟು ನೋಡಿದೆ. ಅಂತರ ನನ್ನ ಕೈಗೆ ಮೀರಿದ್ದು. ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಮೂರೇ ಬೆರಳು. ಉಂಗುರದ ಬೆರಳಿನ ಜಾಗ ಖಾಲಿ. ಕವಿತಾಳ ನಗು ನಿಂತಿತು. ಅವಳ ಗಂಡನ ಎಡಗೈಯ ಆ ಬೆರಳನ್ನು ಹತ್ತಿ ಗಿರಣಿ ತಿಂದಿತ್ತು.

"ಅಂವ ಇಲ್ಲಿ ಕಾಲ ಸೈತ ಇಟ್ಟಿಲ್ಲ, ಆಯಿ."

"ಸುಮ್ನಿರಲೇ. ಹಾಳಿಗೇನ ಗುರ್ತಾ ಸಿಗತೈತಿ?"

ಅಷ್ಟರಲ್ಲಿ ಬಾಗಿಲು ಒದ್ದು ಅವನೇ ಒಳಗೆ ಬಂದ.

"ನಡಿ ಮನಿಗೆ."

"ಬರಂಗಿಲ್ಲ."

ಎಡಗೈಯಿಂದ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಅವಳ ಹಿಮ್ಮಡಿ ನೆಲ ಬಿಟ್ಟಿತು, ಕಣ್ಣು ಮೇಲಾದವು.

"ಕೈ ಬಿಡಲೇ ಭಾಡ್ಯಾ!"

"ದೂರ ಸರಿ ಮುದುಕಿ. ನಿನ್ನೂ ಮುಗಸ್ತೀನಿ."

ತಗಡು ಎತ್ತಿ ಅದರ ಅಂಚಿನಿಂದ ಅವನ ಮೊಣಕೈಗೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ. ಎಲುಬು ಮುರಿದ ಸಪ್ಪಳ ಕೇಳಿತು, ರಕ್ತ ನನ್ನ ಮುಖಕ್ಕೆ ಸಿಡಿಯಿತು. ಜೋತಾಡುವ ಕೈ ಹಿಡಿದುಕೊಂಡು ಓಡಿದ.

ಕವಿತಾಳಿಗೆ ಉಸಿರು ಬಂದ ಮೇಲೆ ಹಾಳೆಯನ್ನು ಅವಳ ಕುತ್ತಿಗೆಯ ಮುಂದೆ ಹಿಡಿದೆ. ಹೆಬ್ಬೆರಳು, ಮೂರು ಬೆರಳು, ಖಾಲಿ ಜಾಗ. ಕುತ್ತಿಗೆಯ ಮೇಲೆ ಎದ್ದ ಕೆಂಪು ಗುರುತುಗಳಿಗೆ ಎಲ್ಲ ಕೂಡಿತು.

ಆಮೇಲೆ ಅವಳು ಅದೇ ಕಂಬಳಿ ಸುತ್ತಿ ಎಷ್ಟೋ ಹಾಳೆ ಆರಿಸಿ ನೋಡಿದ್ದಾಳೆ. ಹೂ ಬಂದಿವೆ, ಕೈ ಬಂದಿಲ್ಲ. ಯಾಕೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅವನು ಓಡಿಹೋದ ಮರುದಿನ ಬೆಳಿಗ್ಗೆಯೇ ಆ ಹಾಳೆಯನ್ನು ತಿಪ್ಪೆಯಲ್ಲಿ ಹೂತೆ. ಕೈ ತೊಳೆದುಕೊಂಡು ಕವಿತಾಳನ್ನು ಪೊಲೀಸ್ ಠಾಣೆಗೆ ಕರೆದೊಯ್ದೆ. ಹಾಳೆ ತೋರಿಸಿದ್ದರೆ ನಗುತ್ತಿದ್ದರು. ಸೆರಗು ಸರಿಸಿ ಅವಳ ಕುತ್ತಿಗೆ ತೋರಿಸಿದೆ.