ಅಮ್ಮನ ಕಿವಿಗೆ ಎರಡು ಸರ್ಕ್ಯೂಟು

ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ಕಿವಿ ಕೇಳದ ತಾಯಿಗೆ ಮಗ ಕೈಯಾರೆ ಯಂತ್ರ ಮಾಡಿಕೊಟ್ಟು ರೇಡಿಯೋ ಕೇಳಿಸಿದ, ಇಂಥ ಮಗ ಯಾರಿಗುಂಟು. ಅಣ್ಣ ತಲೆ ತಗ್ಗಿಸಿ ಕೂತಿರುತ್ತಾನೆ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಅವರು ಹೇಳುವುದು ಅರ್ಧ ನಿಜ.

ನಾವು ಬಿನ್ನಿಪೇಟೆ ಬಿಟ್ಟು ರಾಜಾಜಿನಗರದ ಕಾರ್ಮಿಕರ ಮನೆಗಳಿಗೆ ಬಂದಾಗ ಅಪ್ಪ ತೀರಿಕೊಂಡಾಗಿತ್ತು. ಅಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಸಾಲುಮನೆಗಳ ಹಿಂದೆ ಇನ್ನೂ ರಾಗಿ ಹೊಲವಿತ್ತು. ಅಮ್ಮನಿಗೆ ವರ್ಷಗಟ್ಟಲೆ ಕಿವಿ ಸೋರಿ ಎರಡೂ ಮಂದವಾಗಿದ್ದವು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಕೇಳಿಸುತ್ತಿತ್ತು. ಹಿಂದೆ ಒಂದು ಹರಿಕಥೆಯನ್ನೂ ಬಿಟ್ಟವಳಲ್ಲ. ಈಗ ಮುಂದಿನ ಸಾಲಿನಲ್ಲಿ ಕೂತರೂ ದಾಸರ ಬಾಯಾಡುವುದಷ್ಟೇ ಕಾಣುತ್ತದೆ ಎಂದು ಹೋಗುವುದನ್ನೇ ನಿಲ್ಲಿಸಿದ್ದಳು.

ಬೆಂಗಳೂರಿನಲ್ಲೇ ರೇಡಿಯೋ ನಿಲಯ ಶುರುವಾಗಿ ಅದರಲ್ಲಿ ಹರಿಕಥೆಯೂ ಬರತೊಡಗಿದ ಮೇಲೆ ಅಣ್ಣನಿಗೆ ಒಂದು ಯೋಚನೆ ಬಂತು. ಗುಜರಿಯಿಂದ ಮಿಲಿಟರಿಯವರ ಹಳೆಯ ಹೆಡ್‌ಫೋನು ತಂದ. ರೇಡಿಯೋದೊಳಗೆ ಇರುವ, ಬಲ್ಬಿನಂಥ ಗಾಜಿನ ವಾಲ್ವು ಎರಡನ್ನು ಹೊಂದಿಸಿಕೊಂಡ. ಪುಟ್ಟ ಕ್ರಿಸ್ಟಲ್ ರೇಡಿಯೋದ ಸಣ್ಣ ದನಿಯನ್ನು ಮೊದಲ ವಾಲ್ವು ದೊಡ್ಡದು ಮಾಡಬೇಕು, ಅದನ್ನು ಎರಡನೆಯದು ಇನ್ನೂ ದೊಡ್ಡದು ಮಾಡಿ ಹೆಡ್‌ಫೋನಿಗೆ ಕೊಡಬೇಕು. ಅಷ್ಟೇ ಅದರ ಸರ್ಕ್ಯೂಟು. ದನಿಯ ಜೊತೆಗೆ ಗುಂಯ್ ಎಂಬ ಸದ್ದೂ ಸೇರಿ ಬರುತ್ತಿತ್ತು. ಹೆಡ್‌ಫೋನು ಹಾಕಿದ ಮೊದಲ ದಿನ ಅಮ್ಮ ನನ್ನ ಕೈ ಹಿಡಿದುಕೊಂಡಳು.

"ದಾಸ್ರು ಕೆಮ್ಮಿದ್ರು ಕಣೇ."

ಮರುದಿನ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಕಥೆಯನ್ನೆಲ್ಲ ಹೇಳಿದಳು. ತನ್ನ ದನಿ ತನಗೆ ಕೇಳದ ಕಾರಣ ಕೂಗಿ ಕೂಗಿ ಹೇಳಿದಳು. ಬಿಂದಿಗೆ ತುಂಬಿ ಹರಿದರೂ ಹೆಂಗಸರು ಕದಲಲಿಲ್ಲ. ಅಲ್ಲಿಂದ ಮುಂದೆ ಕಥೆ ಬಂದಾಗಲೆಲ್ಲ ಮಾರನೆಯ ದಿನ ಹೀಗೆಯೇ ಆಯಿತು.

ಹಾಗೇ ಇದ್ದಿದ್ದರೆ ಸಾಕಿತ್ತು. ಒಂದು ಭಾನುವಾರ ಅಣ್ಣನ ಕಾರ್ಖಾನೆಯ ಸ್ನೇಹಿತ ಬಂದವನು ಹೆಡ್‌ಫೋನನ್ನು ತಲೆಗೇರಿಸಿ, ತಕ್ಷಣ ತೆಗೆದಿಟ್ಟ.

"ಇದೇನಯ್ಯಾ, ಜೇನುಗೂಡಿಗೆ ತಲೆ ಕೊಟ್ಟಂಗಾಯ್ತು. ಹೆತ್ತಮ್ಮನ ಮೇಲೆ ಅಷ್ಟೊಂದು ಕೋಪಾನಾ?"

ಎಲ್ಲರೂ ನಕ್ಕರು. ಮಾತು ಕೇಳಿಸದ ಅಮ್ಮನೂ ನಮ್ಮ ಮುಖ ನೋಡಿ ನಕ್ಕಳು. ಅಣ್ಣ ಮಾತ್ರ ನಗಲಿಲ್ಲ. ಮುಂದಿನ ವಾರ ಆ ಸ್ನೇಹಿತನಿಂದಲೇ ವಿದೇಶಿ ಪತ್ರಿಕೆಯೊಂದನ್ನು ತಂದು, ಅದರಲ್ಲಿದ್ದ ಸರ್ಕ್ಯೂಟನ್ನು ನನಗೆ ತೋರಿಸಿದ. ಅದರಲ್ಲಿ ಒಂದು ಗೆರೆ ಕೊನೆಯಿಂದ ಹಿಂದಕ್ಕೆ ಹೋಗುತ್ತಿತ್ತು. ಹೊರಗೆ ಬಂದ ದನಿಯಲ್ಲಿ ಸ್ವಲ್ಪವನ್ನು ಮತ್ತೆ ಒಳಕ್ಕೆ ಕಳಿಸಿ ತಪ್ಪನ್ನು ತಿದ್ದುವುದಂತೆ. ತಿದ್ದಿದಷ್ಟೂ ದನಿ ಶುದ್ಧ. ತಿದ್ದಿದಷ್ಟೂ ಸಣ್ಣದಾಗುತ್ತದೆ ಎಂದೂ ಅಣ್ಣನೇ ಹೇಳಿದ. ಇರುವುದು ಎರಡೇ ವಾಲ್ವು, ಹೊಸದನ್ನು ಕಟ್ಟಬೇಕಾದರೆ ಹಳೆಯದನ್ನು ಬಿಚ್ಚಲೇಬೇಕು. ನಾನು ಇದನ್ನು ಅಮ್ಮನ ಕಿವಿಯಲ್ಲಿ ಕೂಗಿ ಹೇಳಿದೆ.

"ಗುಂಯ್ ಅಂದ್ರೆ ಅನ್ಲಿ ಬಿಡೋ. ನಂಗೆ ಅದೂ ಒಂದು ಸದ್ದೇ ಅಲ್ವಾ" ಎಂದಳು ಅಮ್ಮ.

"ಸುಮ್ನಿರಮ್ಮ, ನಿಂಗೆ ಗೊತ್ತಾಗಲ್ಲ" ಎಂದು ಅವನು ಕಿವಿಯಲ್ಲಿ ಕೂಗಿದ.

ಹೊಸದು ಮುಗಿದ ದಿನ ಮೊದಲು ಅಣ್ಣ ಕೇಳಿದ, ಆಮೇಲೆ ಸ್ನೇಹಿತ ಕೇಳಿದ. "ಪಕ್ಕದಲ್ಲೇ ಕೂತು ಹಾಡ್ದಂಗಿದೆ ಕಣಯ್ಯಾ" ಎಂದು ಅವನು ಬೆನ್ನು ತಟ್ಟಿದ. ಕೊನೆಗೆ ಅಮ್ಮನ ತಲೆಗೆ ಹಾಕಿದರು. ಅಮ್ಮ ಸ್ವಲ್ಪ ಹೊತ್ತು ಗೋಡೆ ನೋಡಿದಳು, ಆಮೇಲೆ ಅಣ್ಣನ ಮುಖ ನೋಡಿದಳು.

"ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ."

ನಲ್ಲಿಯ ಹತ್ತಿರದ ಕಥೆ ಅಂದಿಗೆ ನಿಂತಿತು. "ಯಾಕ್ರಮ್ಮಾ, ನಿನ್ನೆ ಕಥೆ ಬರ್ಲಿಲ್ವಾ?" ಎಂದು ಯಾರಾದರೂ ಕೂಗಿ ಕೇಳಿದರೆ, "ಬಂತು, ಹೇಳಿದ್ದನ್ನೇ ಎಷ್ಟು ಸಲ ಹೇಳೋದು" ಎಂದು ಬಿಂದಿಗೆ ಎತ್ತಿಕೊಂಡು ಬಂದುಬಿಡುತ್ತಿದ್ದಳು. ನನಗೆ ಆಗಲೇ ಅನುಮಾನ. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ರೇಡಿಯೋ ಹಾಡಿನ ಮಧ್ಯದಲ್ಲೇ ನಿಂತಿತು. ಕರೆಂಟು ಹೋಗಿತ್ತು. ನಮ್ಮ ಪೆಟ್ಟಿಗೆಯೊಳಗಿನ ವಾಲ್ವುಗಳ ಕೆಂಪು ಬೆಳಕೂ ಆರಿತ್ತು. ಅದರ ಮುಂದೆ ಅಮ್ಮ ಹೆಡ್‌ಫೋನು ಹಾಕಿಕೊಂಡು ಮೆಲ್ಲಗೆ ತಲೆದೂಗುತ್ತಾ ಕೂತಿದ್ದಳು. ಅಣ್ಣ ಬಾಗಿಲ ಬಳಿ ಸೈಕಲ್ ಒರೆಸುತ್ತಿದ್ದ. ಅವನಿಗೆ ಕಾಣಲೆಂದೇ ಅವಳು ತಲೆದೂಗುತ್ತಿದ್ದದ್ದು.

ಅವನು ಆಚೆ ಹೋದ ಮೇಲೆ ನಾನು ಹೆಡ್‌ಫೋನು ತೆಗೆದು ಅವಳ ಕಿವಿಯಲ್ಲಿ ಕೇಳಿದೆ.

"ಈ ಹೊಸದ್ರಲ್ಲಿ ಮೊದಲ್ನೇ ದಿನದಿಂದ್ಲೂ ಏನೂ ಕೇಳ್ಸಲ್ಲ ಕಣೇ. ಅವನು ಅಷ್ಟು ದಿನ ಕಣ್ಣು ಕಿತ್ಕೊಂಡು ಮಾಡಿದಾನೆ. ಹೇಳ್ಬೇಡ."

ನಾನು ಅಂದೇ ಹೇಳಿದೆ. ಅಣ್ಣ ಸಿಡುಕಿದ. "ಅಮ್ಮನೇ ಚೆನ್ನಾಗಿದೆ ಅಂತಾಳೆ, ಮಧ್ಯದಲ್ಲಿ ನಿಂದೇನು?" ನನ್ನೆದುರಿಗೇ ಅಮ್ಮನನ್ನು ಕೇಳಿದ. ಅಮ್ಮ ನನ್ನತ್ತ ನೋಡದೆ ಚೆನ್ನಾಗಿದೆ ಎಂದಳು. "ಕೇಳಿಸ್ಕೊಂಡ್ಯಾ?" ಎಂದ ಅಣ್ಣ. ಮಾತು ಅಲ್ಲಿಗೆ ಮುಗಿಯಿತು, ಯಂತ್ರ ಹಾಗೇ ಉಳಿಯಿತು. ಆಷಾಢದಲ್ಲಿ ಅಮ್ಮನಿಗೆ ಜ್ವರ ಹಿಡಿಯಿತು, ಅದರಲ್ಲೇ ಹೋದಳು.

ಹೋದ ವಾರ ಹಿಂದಿನ ಸಾಲಿನ ಮನೆಯವರೊಬ್ಬರು ಬಂದಿದ್ದರು. ಅವರ ತಂದೆಗೂ ಕಿವಿ ಮಂದವಂತೆ. ಅಮ್ಮನಿಗೆ ಮಾಡಿಕೊಟ್ಟಂಥದ್ದೇ ಒಂದನ್ನು ತಾವೂ ಮಾಡಿಸಬೇಕು, ಸರ್ಕ್ಯೂಟು ಬರೆದುಕೊಡಿ ಎಂದರು. ಅಣ್ಣ ಕಾಗದ ತೆಗೆದುಕೊಂಡು ಕೂತ. ಕಾಫಿ ಇಡಲು ಹೋದ ನಾನು ಬಗ್ಗಿ ನೋಡಿದೆ. ಎರಡು ವಾಲ್ವು, ಒಂದಾದ ಮೇಲೊಂದು. ಹಿಂದಕ್ಕೆ ಹೋಗುವ ಗೆರೆ ಇರಲಿಲ್ಲ.

"ಸ್ವಲ್ಪ ಗುಂಯ್ ಅನ್ನತ್ತೆ ಸಾರ್, ಪರವಾಗಿಲ್ಲ" ಎಂದು ಅವರಿಗೆ ಹೇಳುತ್ತಿದ್ದ. "ಕಿವಿ ಮಂದ ಇರೋರಿಗೆ ಜೋರಾಗಿ ಬರೋದೇ ಮುಖ್ಯ."

ಅವರು ಹೋದ ಮೇಲೆ ಕೇಳಿದೆ. "ಯಾವಾಗಿಂದ ಗೊತ್ತಿತ್ತು ಅಣ್ಣಾ ನಿಂಗೆ?"

ಅವನು ಪೆನ್ನಿನ ಮುಚ್ಚಳ ತಿರುಗಿಸಿದ. "ನೀನು ಹೇಳಿದ ದಿನಾನೇ" ಎಂದ.

ನಾನು ಹೇಳಿದ್ದು ಶಿವರಾತ್ರಿಯ ಹಿಂದುಮುಂದು. ಅಮ್ಮ ಹೋಗಿದ್ದು ಆಷಾಢದಲ್ಲಿ. ನಡುವೆ ರಾಮನವಮಿಯ ಹರಿಕಥೆಗಳೆಲ್ಲ ರೇಡಿಯೋದಲ್ಲಿ ಬಂದು ಹೋದವು. ಅಮ್ಮ ಒಂದನ್ನೂ ತಪ್ಪಿಸದೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು.