ವಿಂಗ್‌ನಲ್ಲಿ ಆಡುವ ಮಗಳು

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಗಳು ರಗ್ಬಿ ಬಿಟ್ಟು ಕೋಣೆ ಸೇರಿದ್ದಳು. ಎಷ್ಟೋ ತಿಂಗಳ ನಂತರ ಮತ್ತೆ ಆಡಲು ಹೊರಟಾಗ ನಾನೂ ಅಶೋಕಪುರಂ ಕಡೆಯ ಮೈದಾನಕ್ಕೆ ಹೋದೆ. ಅವಳ ಆಟ ನೋಡಲು ಹೋಗುತ್ತಿದ್ದವರು ಅವಳಪ್ಪ. ನನಗೆ ನಮ್ಮೂರಿನ ಕಬಡ್ಡಿಯಷ್ಟೇ ಗೊತ್ತು.

ಪಕ್ಕದಲ್ಲಿ ಇನ್ನೊಬ್ಬ ಹುಡುಗಿಯ ತಾಯಿ ಕೂತಿದ್ದರು. "ನನ್ ಮಗಳು ಪ್ರಾಪ್ ಕಣ್ರೀ, ಎರಡೂ ತಂಡ ಹೆಗಲು ಕೊಟ್ಟು ತಳ್ಳಾಡೋ ಸ್ಕ್ರಮ್ಮಲ್ಲಿ ಮುಂದಿನ ಸಾಲಲ್ಲಿ ನಿಲ್ಲೋಳು. ಮನೇಲಿ ಒಂದು ಬಿಂದಿಗೆ ಎತ್ತಲ್ಲ," ಎಂದರು. ನನ್ನ ಮಗಳು ವಿಂಗ್, ಅಂಚಿನಲ್ಲಿ ನಿಂತು ಓಡುವವಳು ಎಂದು ಹೇಳಿದವರೂ ಅವರೇ.

ಚೆಂಡು ಹಿಡಿದು ಓಡಿದ ನನ್ನ ಮಗಳನ್ನು ಎದುರು ತಂಡದ ಹುಡುಗಿ ಸೊಂಟ ಹಿಡಿದು ಕೆಡವಿದಳು. ಔಟಾದಳು, ಇನ್ನು ಮತ್ತೆ ಕೋಣೆಯೇ ಗತಿ ಎಂದುಕೊಂಡು, ಮನೆಗೆ ಕರೆದೊಯ್ಯಲು ನಾನು ಎದ್ದುಬಿಟ್ಟೆ.

"ಎಲ್ಲಿಗೆ ಹೊರಟ್ರಿ? ಕಬಡ್ಡಿ ಅಂದ್ಕೊಂಡ್ಬುಟ್ರಾ? ಇದು ಟ್ಯಾಕಲ್. ಬಿದ್ರೆ ಔಟಿಲ್ಲ. ಚೆಂಡು ಬುಟ್ಟು, ಎದ್ದು, ಮತ್ತೆ ಆಡೋದೇ," ಎಂದು ಅವರು ಸೆರಗು ಹಿಡಿದು ಕೂರಿಸಿದರು.

ಅಷ್ಟರಲ್ಲಿ ಮಗಳು ಎದ್ದು ಅಂಚಿಗೆ ಓಡಿ, ಚೆಂಡು ತನಗೇ ಕೊಡಿ ಎಂದು ಗೆಳತಿಯರನ್ನು ಗದರುತ್ತಿದ್ದಳು. ಅಷ್ಟು ಗಟ್ಟಿ ದನಿಯನ್ನು ನಾನು ಕೇಳಿ ಬಹಳ ದಿನವಾಗಿತ್ತು. ಕಾಲು ಚಾಚಿ ಕೂತು, ಪಕ್ಕದವರು ಕೊಟ್ಟ ಕಡ್ಲೆಕಾಯಿ ಬಿಡಿಸತೊಡಗಿದೆ.