ಎಡಗಿವಿಗೆ ಒಪ್ಪಿದ ಸ್ಪೀಕರ್

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಅನ್ನಲಿ. ನಾನು ಅರವತ್ತರಲ್ಲೇ ಹೊಸ ಸ್ಪೀಕರ್ ತಂದವಳು. ಅದೂ ಕಿವಿ ಡಾಕ್ಟರು ಕೆಟ್ಟ ಸುದ್ದಿ ಹೇಳಿದ ತಿಂಗಳಲ್ಲೇ.

ತಿಪಟೂರಿನಲ್ಲಿ ಆ ಡಾಕ್ಟರು ಕಾಗದದ ಮೇಲೆ ಇಳಿಜಾರಾಗಿ ಹೋಗುವ ಗೆರೆಯೊಂದನ್ನು ತೋರಿಸಿದರು. "ಎಡಗಿವೀಲಿ ತೆಳು ಸದ್ದೆಲ್ಲಾ ಹೋಗ್ತಾ ಇದೆ ಕಣಮ್ಮ. ಬಲಗಿವೀನೂ ನಿಧಾನಕ್ಕೆ ಅದೇ ದಾರಿ ಹಿಡಿಯುತ್ತೆ" ಎಂದರು. ವಾಪಸು ಬರುವಾಗ ನನ್ನ ಗಂಡ, "ಹೋಗ್ಲಿ ಬುಡು, ಕಿವಿಗೆ ಹಾಕ್ಕಳೋ ಮಿಷನ್ ತಗಳನ" ಅಂತ ಸಮಾಧಾನ ಮಾಡಿದರು.

"ಮಿಷನ್ ಬರೋ ಹೊತ್ತಿಗೆ ಬರ್ಲಿ. ಮೊದ್ಲು ಸ್ಪೀಕರ್ ಬದಲಾಯಿಸ್ಬೇಕು ಕಣ್ರೀ" ಎಂದೆ.

ಅವರು ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಸುದ್ದಿ ತಿಳಿದ ಓರಗಿತ್ತಿಯೂ ಸುಮ್ಮನಿರಲಿಲ್ಲ. "ಕೋಣನ ಮುಂದೆ ಕಿನ್ನರಿ ಅಂತಾರಲ್ಲ ಅಕ್ಕಾ, ಹಂಗಾಯ್ತು ನಿಂದು" ಅಂದಳು. ಅವಳ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಯಾಕೆಂದರೆ ಈ ಮನೆಯ ಅನ್ನ ನಡೆದದ್ದೇ ನನ್ನ ಕಿವಿಯಿಂದ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಯಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೊದಲು ನೀರಿನ ಸದ್ದು, ಆಮೇಲೆ ಏನೂ ಇಲ್ಲ, ಕೊನೆಗೆ ಒಣ ಉಂಡೆ ಚಿಪ್ಪಿಗೆ ತಾಕುವ ಲೊಟಲೊಟ. ಆತುರಪಟ್ಟು ಒಡೆದರೆ ಕೊಬ್ಬರಿ ಚೂರಾಗುತ್ತದೆ, ಇಲ್ಲವೇ ಹಸಿ ಉಳಿದು ಕಪ್ಪು ಹಿಡಿಯುತ್ತದೆ. ಮದುವೆಯಾಗಿ ಬಂದ ವರ್ಷ ಅತ್ತೆ ಕಲಿಸಿದ ಕೆಲಸ ಇದು. ಅತ್ತೆ ಹೋದ ಮೇಲೆ ಅಟ್ಟದ ಮೇಲೆ ನನ್ನ ಕಿವಿ ಹೇಳಿದ್ದೇ ಅಂತಿಮ.

ಆ ಅಟ್ಟದ ಕೆಳಗಿನ ಕೋಣೆಯಲ್ಲಿಯೇ ನನ್ನ ಹಾಡು ಕೇಳುವ ಜಾಗ. ಗಾಳಿಯಾಡಲೆಂದು ಸಂದಿ ಬಿಟ್ಟು ಜೋಡಿಸಿದ ಹಲಗೆಗಳ ಮೇಲೆ ಸಿಪ್ಪೆಕಾಯಿಯ ರಾಶಿ ಇರುತ್ತದೆ, ಹಾಗಾಗಿ ಹಾಡು ಗೋಡೆಗೆ ಬಡಿದು ಮೊಳಗುವುದಿಲ್ಲ. ಹಳೆಯ ಸ್ಪೀಕರುಗಳ ಒಳಗಿನ ಅಂಚು ಹರಿದು, ದನಿ ಏರಿದಾಗಲೆಲ್ಲ ಜೀರುಂಡೆ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಉಳಿದಿರುವ ಕಿವಿಯನ್ನು ಅದಕ್ಕೆ ಒಪ್ಪಿಸುವ ಮನಸ್ಸು ನನಗಿರಲಿಲ್ಲ.

ಬೆಂಗಳೂರಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಎಲ್ಲವನ್ನೂ ನನ್ನ ಗಂಡನಿಗೇ ವಿವರಿಸಿದ. "ಸರ್, ಇದು ಹೊಸ ಮಾಡೆಲ್ ಸರ್. ನಿಮ್ಮ ರೂಮ್ ಎಷ್ಟು ದೊಡ್ಡದು ಸರ್?" ಇವರು ಕೋಣೆಯ ಅಳತೆ ಗೊತ್ತಿಲ್ಲದೆ ನನ್ನ ಮುಖ ನೋಡಿದರು. ನಾನು ಅಡಿ ಲೆಕ್ಕದಲ್ಲಿ ಹೇಳಿದೆ. ಅವನು ಅದನ್ನು ಕೇಳಿಸಿಕೊಂಡು ಮತ್ತೆ ಇವರ ಕಡೆಗೇ ತಿರುಗಿದ.

ಅವರ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಪಕ್ಕದ ಕಪಾಟಿನಲ್ಲಿದ್ದ ಚಿಕ್ಕ ಸ್ಪೀಕರ್ ಒಂದನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿದೆ. ಬೇಕೆಂದು ಮಾಡಿದ್ದಲ್ಲ. ನಲವತ್ತು ವರ್ಷದ ಕೈ, ತಾನೇ ಎತ್ತಿತು. "ಅಯ್ಯೋ ಅಮ್ಮಾ, ಇಡಿ ಇಡಿ!" ಅಂತ ಅಂಗಡಿಯವನು ಓಡಿ ಬಂದ. ನನ್ನ ಗಂಡ ಬೇರೆ ಕಡೆ ನೋಡಿದರು. ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರಿಂದ ಒಂದು ಲಾಭವೂ ಆಯಿತು. ಆಮೇಲೆ ಅವನು ನನ್ನ ಜೊತೆಯೇ ಮಾತಾಡಿದ.

ಮೊದಲು ಎದೆಯೆತ್ತರದ ದೊಡ್ಡ ಜೋಡಿ ಹಾಕಿದ. ತಬಲದ ಪೆಟ್ಟು ಪಕ್ಕೆಲುಬಿಗೇ ಬಿತ್ತು. ಇವರು ಸಂತೋಷದಿಂದ ತಲೆಯಾಡಿಸಿದರು. ನನಗೆ ಎಡಗಡೆ ಮಂಕಾಗಿ ಕೇಳಿತು. ಪೆಟ್ಟಿಗೆಯ ದೋಷವೋ, ಕಿವಿಯದೋ? ಒಂದು ಉಪಾಯ ಹೊಳೆಯಿತು. ಕುರ್ಚಿ ತಿರುಗಿಸಿ ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತೆ. ಈಗ ಎಡಗಡೆಯಿದ್ದ ಪೆಟ್ಟಿಗೆ ನನ್ನ ಬಲಕ್ಕೆ ಬಂತು. ಮಂಕು ಅದರ ಜೊತೆ ಹೋಗಲಿಲ್ಲ, ಎಡಗಿವಿಯಲ್ಲೇ ಉಳಿಯಿತು.

ಡಾಕ್ಟರ ಗೆರೆ ನೋಡಿದಾಗ ಬಾರದ ಅಳು ಆಗ ಬಂತು. ಅಂಗಡಿಗೆ ಬೆನ್ನು ಹಾಕಿ ಕೂತಿದ್ದು ಒಳ್ಳೆಯದೇ ಆಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಕುರ್ಚಿಯನ್ನು ಮತ್ತೆ ತಿರುಗಿಸಿದೆ.

"ನಾಳೆ ಬಲಗಿವೀನೂ ಹಿಂಗೇ ಆಗೋದು. ಇನ್ನು ಎಡಗಿವೀಲೇ ಆರಿಸ್ತೀನಿ. ಒಂದೊಂದೇ ಹಾಕಪ್ಪ" ಎಂದು ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

ನಾನು ಕೇಳಿದ್ದು ಒಂದೇ ವಚನ, ಮನೆಯಲ್ಲಿ ದಿನಾ ಕೇಳುವಂಥದ್ದು. ಅದರಲ್ಲಿ ಎರಡನೇ ಸಾಲಿಗೆ ಮೊದಲು ಹಾಡುವಾಕೆ ಒಂದು ಉಸಿರು ಎಳೆದುಕೊಳ್ಳುತ್ತಾಳೆ. ದೊಡ್ಡ ಜೋಡಿಯಲ್ಲಿ ಅದು ತಬಲದಡಿ ಹೂತು ಹೋಯಿತು. ಇನ್ನೊಂದರಲ್ಲಿ ಉಸಿರೇ ಇರಲಿಲ್ಲ. ನಾನು ಅಲ್ಲಾಡಿಸಿ ಬೈಸಿಕೊಂಡ ಚಿಕ್ಕ ಜೋಡಿಯಲ್ಲಿ ಮಾತ್ರ, ನೂಲಿನಷ್ಟು ತೆಳ್ಳಗೆ, ಆ ಉಸಿರು ಬಂತು.

"ಅದು ಹಳೇ ಮಾಡೆಲ್ ಅಮ್ಮಾ. ಅಪ್‌ಗ್ರೇಡ್ ಅಂದ್ರೆ ದೊಡ್ಡದೇ" ಎಂದ ಅಂಗಡಿಯವನು. ಇವರೂ, "ಇಷ್ಟು ದೂರ ಬಂದು ಪುಟ್ಟದು ತಗಂಡೋದ್ರೆ ಜನ ನಗಲ್ವೇನೇ?" ಎಂದರು.

"ಜನ ಕೇಳೋಕಲ್ಲ, ನಾನು ಕೇಳೋಕೆ. ಕಟ್ಟಪ್ಪ ಅದನ್ನೇ" ಎಂದೆ.

ಮನೆಗೆ ತಂದ ಮೇಲೆ ಓರಗಿತ್ತಿ ಬಂದು ನೋಡಿ ಮೂಗು ಮುರಿದಳು. ಇವರು ಮಾತ್ರ ಒಂದು ಮಧ್ಯಾಹ್ನ ಊಟ ಮುಗಿಸಿ ತಾವಾಗಿ ಬಂದು ನನ್ನ ಪಕ್ಕ ಕೂತರು.

"ಎಲ್ಲೇ ಅದು, ನೀನು ಹೇಳೋ ಉಸಿರು? ನಂಗೆ ಕೇಳ್ತಾನೇ ಇಲ್ಲ."

ಅವರ ಎರಡು ಕಿವಿಯೂ ಚೆನ್ನಾಗಿವೆ. ನಾನು ಬೆರಳು ಎತ್ತಿ ತೋರಿಸಿದೆ, ಸರಿಯಾಗಿ ಅದೇ ಜಾಗದಲ್ಲಿ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಮತ್ತೊಂದ್ ಸಲ ಹಾಕು" ಎಂದರು. ಹಾಕಿದೆ. ಬೆರಳು ಎತ್ತಿದೆ. ಈಗ ಅವರೂ ದಿನಾ ಬಂದು ಕೂರುತ್ತಾರೆ, ಹಾಡಿಗಿಂತ ನನ್ನ ಬೆರಳನ್ನೇ ಹೆಚ್ಚು ನೋಡುತ್ತಾರೆ.

ಅವರಿಗೆ ಹೇಳದ ಮಾತೊಂದಿದೆ. ನಾನು ದಿನಾ ಕೇಳುತ್ತಿರುವುದು ಬಾಯಿಪಾಠಕ್ಕೆ. ಯಾವ ಸಾಲಿಗೆ ಎಷ್ಟು ಹೊತ್ತು, ಎಲ್ಲಿ ಉಸಿರು, ಎಲ್ಲಿ ತಂತಿ ಮೀಟಿದ್ದು ಎಲ್ಲವನ್ನೂ ಒಳಗೆ ಏರಿಸಿಕೊಳ್ಳುತ್ತಿದ್ದೇನೆ. ಹೋಗುವ ಕಿವಿ ಹೋಗಲಿ. ಎರಡೂ ಪೂರ್ತಿ ಹೋದ ದಿನವೂ ಈ ಕೋಣೆಯಲ್ಲಿ ಹಾಡು ಹಾಕಿ ಇವರ ಪಕ್ಕ ಕೂತು, ಅದೇ ಜಾಗಕ್ಕೆ ಬೆರಳು ಎತ್ತುತ್ತೇನೆ. ನನಗೆ ಕೇಳಿಸಿತೋ ಇಲ್ಲವೋ ಇವರಿಗೂ ಗೊತ್ತಾಗಬಾರದು.